ಡಿವೋರ್ಸ್ ಆಯ್ತು, ವಿಲ್ ಮಾತ್ರ ಹಾಗೇ ಇದೆ

ವಿಚ್ಛೇದನವಾಗಿ ಮೂರು ವರ್ಷದ ಮೇಲೆ, ಮನೆಯ ಖಾತೆ ಕಾಗದ ಹುಡುಕುವಾಗ ನನ್ನ ಹಳೇ ವಿಲ್ ಸಿಕ್ಕಿತು. ಮದುವೆಯಾದ ಹೊಸತರಲ್ಲಿ ಬರೆಸಿದ್ದು. ಮನೆ, ಠೇವಣಿ ಎಲ್ಲವೂ ಹೆಂಡತಿಗೆ ಅಂತ ಹೆಸರು ಸಮೇತ ಇತ್ತು. ಈಗ ಆ ಮನೆಯಲ್ಲಿರೋದು ನಾನು ಮತ್ತು 72 ವರ್ಷದ ಅಮ್ಮ. ಡಿಕ್ರಿ ಬಂದ ದಿನವೇ ಇದು ಬಿದ್ದುಹೋಗಿರುತ್ತೆ ಅಂದುಕೊಂಡೆ. ವಕೀಲರು ನಕ್ಕರು.

ವಿಲ್ ಹೇಗೆ ರದ್ದಾಗುತ್ತೆ ಅನ್ನೋದನ್ನು ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಸೆಕ್ಷನ್ 70 ಹೇಳುತ್ತದೆ: ಇನ್ನೊಂದು ವಿಲ್ ಬರೆದರೆ, ವಿಲ್‌ನಷ್ಟೇ ಕ್ರಮಬದ್ಧವಾಗಿ ರದ್ದುಪತ್ರ ಬರೆದರೆ, ಅಥವಾ ರದ್ದು ಮಾಡುವ ಉದ್ದೇಶದಿಂದಲೇ ಹರಿದರೆ, ಸುಟ್ಟರೆ. ಕ್ರೈಸ್ತರಿಗೆ ಮದುವೆಯಾದರೂ ಹಳೇ ವಿಲ್ ಹೋಗುತ್ತದೆ, ಹಿಂದೂಗಳಿಗೆ ಅದೂ ಇಲ್ಲ. ವಿಚ್ಛೇದನದ ಮಾತೇ ಆ ಪಟ್ಟಿಯಲ್ಲಿಲ್ಲ.

ತಮಾಷೆ ಏನಂದ್ರೆ, ನಾನು ವಿಲ್ಲೇ ಬರೆಯದಿದ್ದರೆ ಅಮ್ಮ ಹೆಚ್ಚು ಕ್ಷೇಮವಾಗಿರುತ್ತಿದ್ದರು. ವಿಲ್ ಇಲ್ಲದೆ ಹಿಂದೂ ಗಂಡಸು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಮಕ್ಕಳು, ವಿಧವೆ ಮೊದಲ ವರ್ಗದ ವಾರಸುದಾರರು. ವಿಚ್ಛೇದಿತೆ ವಿಧವೆಯಲ್ಲ. ನನಗೆ ಮಕ್ಕಳೂ ಇಲ್ಲ. ಆದರೆ ಕೇಸು ಇನ್ನೂ ನಡೀತಿರುವಾಗಲೇ ಗಂಡ ಸತ್ತರೆ ಹೆಂಡತಿ ಹೆಂಡತಿಯೇ, ಪಾಲೂ ಸಿಗುತ್ತದೆ. ನ್ಯಾಯಿಕ ಪ್ರತ್ಯೇಕತೆಯ ಆದೇಶ ಸಿಕ್ಕಿದ್ದರೂ ಅಷ್ಟೇ, ಅದು ಮದುವೆಯನ್ನು ಮುರಿಯೋದಿಲ್ಲ. ಹಾಗಾಗಿ ಡಿಕ್ರಿಗೆ ಕಾಯುತ್ತಾ ಕೂರುವವರೇ ವಿಲ್ ಕಡೆ ಮೊದಲು ನೋಡಬೇಕು.

ಲಂಡನ್ನಿನಲ್ಲಿರುವ ನನ್ನ ಗೆಳೆಯ ಮಾತ್ರ ‘ಅದೆಲ್ಲಾ ತಾನಾಗೇ ಹೋಗುತ್ತೆ ಮಾರಾಯ’ ಅಂದ. ಅವನೂರಲ್ಲಿ ನಿಜ. ಇಂಗ್ಲೆಂಡಿನ ವಿಲ್ಸ್ ಆಕ್ಟ್ ಪ್ರಕಾರ, ವಿಲ್‌ನಲ್ಲಿ ಬೇರೆ ಇಚ್ಛೆ ಕಾಣದಿದ್ದರೆ, ಮಾಜಿ ಸಂಗಾತಿ ವಿಚ್ಛೇದನದ ದಿನವೇ ತೀರಿಕೊಂಡಂತೆ ಲೆಕ್ಕ. ಆದರೆ ಬೆಂಗಳೂರಿನ ಸೈಟು, ಮನೆಗೆ ಭಾರತದ ಕಾನೂನೇ ಅನ್ವಯ, ನೀವು ಎಲ್ಲೇ ಇರಿ.

ಎಲ್ಲ ವಿಚ್ಛೇದನವೂ ಜಗಳವಲ್ಲ. ಮಾಜಿ ಪತ್ನಿಗೇ ಕೊಡಬೇಕು ಅನ್ನಿಸಿದರೆ ಹೊಸದಾಗಿ, ‘ಮಾಜಿ ಪತ್ನಿ’ ಎಂದೇ ಬರೆದು ಕೊಡಿ. ಹಳೇದನ್ನು ನೆಚ್ಚಿಕೊಂಡರೆ ಅವರೇ ಕೋರ್ಟು ಅಲೀಬೇಕಾಗುತ್ತೆ.

ನಾನು ಹಳೇದನ್ನು ಹರಿಯಲಿಲ್ಲ. ನೋಂದಾಯಿಸಿದ್ದರ ನಕಲು ಕಚೇರಿಯಲ್ಲಿ ಇದ್ದೇ ಇರುತ್ತದೆ, ನಾನೇ ಹರಿದೆ ಅಂತ ನಾಳೆ ಹೇಳೋರು ಯಾರು? ‘ಹಿಂದಿನ ಎಲ್ಲ ವಿಲ್‌ಗಳನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲಿನಿಂದ ಹೊಸದು ಶುರು ಮಾಡಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದೆ. ಛಾಪಾ ಕಾಗದ ಬೇಕಿಲ್ಲ. ನೋಂದಣಿಯೂ ಕಡ್ಡಾಯವಲ್ಲ, ಆದರೂ ಮಾಡಿಸಿದೆ.

ಆಮೇಲೆ ಬ್ಯಾಂಕಿಗೆ ಹೋದೆ. ಎಫ್‌ಡಿಗೆ ನಾಮಿನಿ ಇನ್ನೂ ಅವಳೇ. ನಾಮಿನಿ ಅಂದರೆ ಮಾಲೀಕರಲ್ಲ ನಿಜ, ಆದರೆ ಬ್ಯಾಂಕು ದುಡ್ಡು ಕೊಡೋದು ಅವರ ಕೈಗೆ. ಅಲ್ಲಿಂದ ಅದನ್ನು ಬಿಡಿಸಿಕೊಳ್ಳೋ ಕೆಲಸ ಅಮ್ಮನ ಪಾಲಿಗೆ ಬರುತ್ತಿತ್ತು. ಅಲ್ಲೇ ಕೂತು ಫಾರ್ಮ್ ತುಂಬಿಕೊಟ್ಟು ಬಂದೆ.