ಬ್ಯೂಫೋರ್ಟ್ ಕಡಲಿನ ತೈಲಪರ್ವ

ಉತ್ತರ ಅಮೆರಿಕ ಖಂಡದ ನೆತ್ತಿಯಲ್ಲಿ, ಮೆಕೆಂಝಿ ಮಹಾನದಿ ಸಾವಿರಾರು ಮೈಲಿಯ ಹೂಳನ್ನು ಹೊತ್ತು ತಂದು ಸುರಿಯುವ ಕಡೆ, ಬ್ಯೂಫೋರ್ಟ್ ಎಂಬ ಕಡಲಿದೆ. ವರ್ಷದ ಬಹುಭಾಗ ಅದನ್ನು ಕಡಲೆಂದು ಗುರುತಿಸುವುದೇ ಕಷ್ಟ. ಕಣ್ಣು ಹಾಯುವವರೆಗೂ ಮಂಜುಗಡ್ಡೆಯ ಬಯಲು, ಅದರ ಮೇಲೆ ಒಂದಕ್ಕೊಂದು ಡಿಕ್ಕಿ ಹೊಡೆದು ಎದ್ದು ನಿಂತ ಗಡ್ಡೆಗಳ ದಿಬ್ಬಸಾಲು. ದಡದಲ್ಲಿ ಟುಕ್ಟೊಯಾಕ್ಟುಕ್ ಎಂಬ ಪುಟ್ಟ ಊರು. ಅಲ್ಲಿನ ಇನುವಿಯಾಲುಯಿಟ್ ಜನ ಬೇಸಿಗೆಯಲ್ಲಿ ಬೆಲೂಗ ಎಂಬ ಬಿಳಿ ತಿಮಿಂಗಿಲವನ್ನು ಬೇಟೆಯಾಡಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. 1890ರ ದಶಕದಲ್ಲಿ ಅಮೆರಿಕದ ತಿಮಿಂಗಿಲ ಹಡಗುಗಳು ಹತ್ತಿರದ ಹರ್ಷೆಲ್ ದ್ವೀಪಕ್ಕೆ ಬಂದು ಬೀಡುಬಿಟ್ಟು, ಸಿಕ್ಕಷ್ಟನ್ನು ಬಾಚಿಕೊಂಡು, ಕಂಡುಕೇಳದ ರೋಗಗಳನ್ನು ಊರಿಗೆ ಹಚ್ಚಿ ಹೋಗಿದ್ದವು. ಹೊರಗಿನವರ ಹಡಗು ಕಂಡರೆ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದುದಕ್ಕೆ ಕಾರಣವಿತ್ತು.

1968ರಲ್ಲಿ ಪಕ್ಕದ ಅಲಾಸ್ಕದ ಪ್ರೂಡೋ ಕೊಲ್ಲಿಯಲ್ಲಿ ಅಪಾರ ತೈಲ ಸಿಕ್ಕಿತು. ಅದೇ ನೆಲ, ಅದೇ ಕರಾವಳಿ ಗಡಿಯಾಚೆಗೂ ಚಾಚಿದೆಯಲ್ಲ ಎಂದು ಕೆನಡದವರಿಗೆ ಆಸೆ ಚಿಗುರಿತು. 1970ರಲ್ಲಿ ಇಂಪೀರಿಯಲ್ ಆಯಿಲ್ ಕಂಪನಿಗೆ ಟುಕ್ಟೊಯಾಕ್ಟುಕ್ ಪರ್ಯಾಯದ್ವೀಪದ ಅಟ್ಕಿನ್ಸನ್ ಪಾಯಿಂಟ್‌ನಲ್ಲಿ ಎಣ್ಣೆ ತಗುಲಿತು. ಆದರೆ ದೊಡ್ಡ ನಿಧಿ ಇರುವುದು ನೀರಿನಡಿ ಎಂದು ಭೂವಿಜ್ಞಾನಿಗಳು ಬೊಟ್ಟು ಮಾಡಿದರು.

ನೀರಿಗಿಳಿಯುವುದು ಹೇಗೆ? ಮೆಕ್ಸಿಕೊ ಕೊಲ್ಲಿಯಲ್ಲಿ ನಡೆಯುವಂತೆ ಕಾಲೂರಿ ನಿಲ್ಲುವ ಕಬ್ಬಿಣದ ಅಟ್ಟಣೆಯನ್ನು ಇಲ್ಲಿ ನಿಲ್ಲಿಸಿದರೆ ಚಲಿಸುವ ಮಂಜು ಅದರ ಕಾಲು ಮುರಿಯುತ್ತದೆ. ಇಂಪೀರಿಯಲ್ ಕಂಪನಿಯವರು ಕಂಡುಕೊಂಡ ಉಪಾಯ ಸರಳವೂ ಹಳೆಯದೂ ಆಗಿತ್ತು: ಸಮುದ್ರದಲ್ಲೇ ನೆಲ ಕಟ್ಟುವುದು. ಸುಮಾರು 3 ಮೀಟರ್ ಆಳದ ನೀರಿನಲ್ಲಿ, ಹೂಳೆತ್ತುವ ಯಂತ್ರದಿಂದ ತಳದ ಮರಳು ಜಲ್ಲಿಯನ್ನು ಹೀರಿ ಗುಡ್ಡೆ ಹಾಕಿ, 1973ರ ಹೊತ್ತಿಗೆ ಇಮ್ಮರ್ಕ್ ಎಂಬ ದ್ವೀಪವನ್ನು ಎಬ್ಬಿಸಿದರು. ಆ ಕಡಲಿನ ಮೊದಲ ಕೃತಕ ದ್ವೀಪ ಅದು. ಆಮೇಲೆ ಒಂದರ ಹಿಂದೊಂದು ದ್ವೀಪ ತಲೆಯೆತ್ತಿತು. ಕೆಲವನ್ನು ನಡುಚಳಿಗಾಲದಲ್ಲೇ ಕಟ್ಟಿದರು. ಹೆಪ್ಪುಗಟ್ಟಿದ ಕಡಲಿನ ಮೇಲೆ ಲಾರಿ ಓಡುವಷ್ಟು ಗಟ್ಟಿ ರಸ್ತೆ ಮಾಡಿ, ಬೇಕಾದ ಜಾಗದಲ್ಲಿ ಮಂಜುಗಡ್ಡೆಯನ್ನು ಗರಗಸದಿಂದ ಚೌಕವಾಗಿ ಕೊಯ್ದು ಎತ್ತಿ, ಆ ಕಿಂಡಿಯೊಳಗೆ ಲಾರಿಗಟ್ಟಲೆ ಜಲ್ಲಿ ಸುರಿದರು. ಅಂಚು ಕೊರೆದುಹೋಗದಂತೆ ಮರಳು ಮೂಟೆಗಳನ್ನು ಒಡ್ಡಿದರು. ಇಸ್ಸುಂಗ್ನಕ್ ಎಂಬಲ್ಲಿ ಸುಮಾರು 19 ಮೀಟರ್ ಆಳದವರೆಗೂ ಈ ವಿದ್ಯೆ ನಡೆಯಿತು. ಅದಕ್ಕೂ ಆಳಕ್ಕೆ ಹೋದರೆ ಸುರಿಯಬೇಕಾದ ಮರಳಿಗೆ ಲೆಕ್ಕವಿರಲಿಲ್ಲ.

ಆಳದ ನೀರಿನ ಮೇಲೆ ಕಣ್ಣಿಟ್ಟವನು ಡೋಮ್ ಪೆಟ್ರೋಲಿಯಂನ ಜ್ಯಾಕ್ ಗ್ಯಾಲಗರ್. ವಿನಿಪೆಗ್‌ನಲ್ಲಿ ಹುಟ್ಟಿದ ಈ ಭೂವಿಜ್ಞಾನಿ 1950ರಿಂದ ಡೋಮ್ ಕಂಪನಿಯನ್ನು ಬೆಳೆಸಿದವನು. ಮುಖದ ಮೇಲಿನ ನಗು ಎಂದೂ ಮಾಸದ ಮಾತುಗಾರ. ಬ್ಯೂಫೋರ್ಟಿನ ಎಣ್ಣೆ ಕೆನಡವನ್ನು ಅರಬ್ ದೇಶಗಳ ಹಂಗಿನಿಂದ ಬಿಡಿಸುತ್ತದೆ ಎಂದು ಅವನು ನಂಬಿದ್ದ, ಎದುರು ಕೂತವರನ್ನೂ ನಂಬಿಸುತ್ತಿದ್ದ. 1973ರಲ್ಲಿ ತೈಲಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾದ ಮೇಲಂತೂ ಅವನ ಮಾತಿಗೆ ರಾಜಧಾನಿ ಒಟ್ಟಾವದಲ್ಲಿ ಕಿವಿಗಳು ಹೆಚ್ಚಿದವು. 1976ರ ಬೇಸಿಗೆಯಲ್ಲಿ ಡೋಮಿನ ಅಂಗಸಂಸ್ಥೆ ಕ್ಯಾನ್‌ಮಾರ್‌ನ ಕೊರೆಯುವ ಹಡಗುಗಳು ಬ್ಯಾರೋ ಭೂಶಿರವನ್ನು ಬಳಸಿಕೊಂಡು ಬ್ಯೂಫೋರ್ಟಿಗೆ ಬಂದವು.

ಸರ್ಕಾರ ಅನುಮತಿ ಕೊಟ್ಟಿದ್ದು ಕಣ್ಣುಮುಚ್ಚಿ ಅಲ್ಲ ಎಂಬುದೇ ಈ ಕಥೆಯಲ್ಲಿ ನನಗೆ ಕಸಿವಿಸಿ ಹುಟ್ಟಿಸುವ ಭಾಗ. ಹಡಗುಗಳಿಗೆ ಸಿಗುತ್ತಿದ್ದುದು ವರ್ಷಕ್ಕೆ ನೂರು ದಿನಗಳ ಆಸುಪಾಸಿನ ತೆರೆದ ನೀರು. ಬಾವಿಯೊಂದು ಸೀಸನ್ನಿನ ಕೊನೆಯಲ್ಲಿ ಹತೋಟಿ ತಪ್ಪಿ ಚಿಮ್ಮಿದರೆ ಅದನ್ನು ಮುಚ್ಚಲು ಪಕ್ಕದಲ್ಲಿ ಇನ್ನೊಂದು ಬಾವಿ ಕೊರೆಯಬೇಕು. ಅಷ್ಟರಲ್ಲಿ ಮಂಜು ಮುಚ್ಚಿಕೊಂಡರೆ ಮುಂದಿನ ಬೇಸಿಗೆವರೆಗೂ ಎಣ್ಣೆ ಮಂಜಿನಡಿಯಲ್ಲಿ ಹರಿಯುತ್ತಲೇ ಇರುತ್ತದೆ. ಇದು ಮಂತ್ರಿಮಂಡಲಕ್ಕೂ ಗೊತ್ತಿತ್ತು. ಅದಕ್ಕೇ ಪರಿಹಾರ ಬಾವಿಗೆ ಸಮಯ ಉಳಿಯುವಂತೆ ಕೊರೆತ ನಿಲ್ಲಿಸಬೇಕೆಂಬ ಷರತ್ತು ಹಾಕಿ, ಅಪಾಯವನ್ನು ಅರಿತೇ ಸಹಿ ಹಾಕಿದರು. ದೊಡ್ಡ ಅನಾಹುತ ಆಗಲಿಲ್ಲ, ನಿಜ. ಆಗದೇ ಹೋದದ್ದಕ್ಕೆ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಟುಕ್ಟೊಯಾಕ್ಟುಕ್ ಸುಮ್ಮನೆ ಕುಳಿತಿರಲಿಲ್ಲ. ಮೆಕೆಂಝಿ ಕಣಿವೆಯಲ್ಲಿ ಅನಿಲದ ಕೊಳವೆ ಹಾಯಿಸುವ ಯೋಜನೆಯನ್ನು ವಿಚಾರಿಸಲು ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ಸರ್ಕಾರ 1974ರಲ್ಲಿ ನೇಮಿಸಿತ್ತು. ಅವರು ರಾಜಧಾನಿಯಲ್ಲಿ ಕೂರದೆ 35 ಊರುಗಳಿಗೆ ಹೋಗಿ, ಸಮುದಾಯ ಭವನಗಳಲ್ಲಿ ಕೂತು, ಜನರ ಮಾತನ್ನು ಅವರವರ ಭಾಷೆಯಲ್ಲೇ ಕೇಳಿದರು. ಕೊಳವೆಗಿಂತ ಕಡಲಿನಲ್ಲಿ ಬಾವಿ ಕೊರೆಯುವುದರ ಭಯವೇ ಕರಾವಳಿಯವರಿಗೆ ದೊಡ್ಡದಾಗಿತ್ತು. ಬಿಳಿ ತಿಮಿಂಗಿಲಗಳು ಮರಿಗಳೊಂದಿಗೆ ಬರುವ ನದೀಮುಖಕ್ಕೆ ಎಣ್ಣೆ ಬಂದರೆ ಉಳಿಯುವುದೇನು? 1977ರ ವರದಿಯಲ್ಲಿ ಬರ್ಜರ್ ಮೆಕೆಂಝಿ ಕೊಳವೆಯನ್ನು ಹತ್ತು ವರ್ಷ ಮುಂದೂಡಬೇಕು, ನದೀಮುಖದಲ್ಲಿ ತಿಮಿಂಗಿಲಗಳಿಗೆ ಅಭಯಧಾಮ ಬೇಕು ಎಂದರು. ಇನುವಿಯಾಲುಯಿಟ್ ಜನರು ಹಟ ಬಿಡದೆ ಮಾತುಕತೆ ನಡೆಸಿ, 1984ರಲ್ಲಿ ಸುಮಾರು 91,000 ಚದರ ಕಿಲೋಮೀಟರ್ ನೆಲದ ಒಡೆತನವನ್ನೂ ಬೇಟೆಯ ಹಕ್ಕನ್ನೂ ಒಪ್ಪಂದದಲ್ಲಿ ಬರೆಸಿಕೊಂಡರು. ಆ ವೇಳೆಗೆ ಊರಿನ ಹುಡುಗರು ಕೊರೆಯುವ ಹಡಗುಗಳಲ್ಲಿ ಸಂಬಳಕ್ಕೂ ಸೇರಿದ್ದರು. ಬೇಟೆಯನ್ನೂ ಸಂಬಳವನ್ನೂ ಅವರು ಒಟ್ಟಿಗೇ ತೂಗಿಸಿದರು.

ಇತ್ತ ಹಣದ ಆಟ ಬೇರೆಯೇ ನಡೆದಿತ್ತು. 1977ರ ಬಜೆಟ್ಟಿನಲ್ಲಿ, 50 ಲಕ್ಷ ಡಾಲರ್ ಮೀರಿ ಖರ್ಚಾಗುವ ಬಾವಿಗಳಿಗೆ ವಿಶೇಷ ತೆರಿಗೆ ವಿನಾಯಿತಿ ಬಂತು. ಅಷ್ಟು ದುಬಾರಿ ಬಾವಿ ಕೊರೆಯುತ್ತಿದ್ದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಜನ ಅದಕ್ಕೆ ಗ್ಯಾಲಗರ್ ತಿದ್ದುಪಡಿ ಎಂದೇ ಹೆಸರಿಟ್ಟರು. 1980ರ ರಾಷ್ಟ್ರೀಯ ಇಂಧನ ನೀತಿ ಇನ್ನೂ ಮುಂದೆ ಹೋಗಿ, ಕೆನಡದವರ ಒಡೆತನದ ಕಂಪನಿಗಳಿಗೆ ಉತ್ತರದ ಶೋಧನೆಯ ಖರ್ಚಿನಲ್ಲಿ ಶೇ. 80ರವರೆಗೂ ಬೊಕ್ಕಸದಿಂದ ತುಂಬಿಕೊಟ್ಟಿತು. ನೂರು ಖರ್ಚು ಮಾಡಿದರೆ ಎಂಬತ್ತು ವಾಪಸು ಬರುವಾಗ ಯಾರು ತಾನೇ ಕೈ ಬಿಗಿ ಹಿಡಿದಾರು?

ವೈಭವದ ವರ್ಷಗಳು ಅವು. 1982ರಲ್ಲಿ ಡೋಮ್ ಹಳೆಯ ತೈಲ ಟ್ಯಾಂಕರೊಂದನ್ನು ಮಾರ್ಪಡಿಸಿ ಕಡಲತಳಕ್ಕೆ ಕೂರಿಸಿ ಕೊರೆಯುವ ವೇದಿಕೆ ಮಾಡಿಕೊಂಡಿತು. 1983ರಲ್ಲಿ ಗಲ್ಫ್ ಕೆನಡಾ ಎಂಬ ತೈಲ ಕಂಪನಿಯ ಕುಲ್ಲುಕ್ ಬಂತು. 81 ಮೀಟರ್ ಅಗಲದ ಬೋಗುಣಿಯಾಕಾರದ ಈ ನೌಕೆಯನ್ನು 12 ಲಂಗರುಗಳು ಹಿಡಿದಿರುತ್ತಿದ್ದವು. ಮಂಜುಗಡ್ಡೆಯನ್ನು ಜಜ್ಜಿ ಪುಡಿ ಮಾಡುವುದಕ್ಕಿಂತ ಬಾಗಿಸಿ ಮುರಿಯುವುದು ಸುಲಭ. ಕುಲ್ಲುಕ್‌ನ ಇಳಿಜಾರು ಮೈ ಮಂಜನ್ನು ಕೆಳಕ್ಕೆ ಒತ್ತಿ ಮುರಿಯುತ್ತಿತ್ತು. ಮರುವರ್ಷ ಜಪಾನಿನಲ್ಲಿ ಕಟ್ಟಿದ ಮೊಲಿಕ್‌ಪಾಕ್ ಬಂತು: ಬುಡದಲ್ಲಿ 111 ಮೀಟರ್ ಅಗಲದ, ಎಂಟು ಮೂಲೆಯ ಉಕ್ಕಿನ ಕೋಟೆ. ನಡುವಿನ ಟೊಳ್ಳಿಗೆ ಮರಳು ತುಂಬಿದರೆ ಅದರ ಭಾರಕ್ಕೇ ಅದು ಕಡಲತಳಕ್ಕೆ ಅಂಟಿ ಕೂರುತ್ತಿತ್ತು. ಅದೇ 1984ರಲ್ಲಿ ಕುಲ್ಲುಕ್ ಕೊರೆದ ಅಮೌಲಿಗಕ್ ಬಾವಿಯಲ್ಲಿ, ಇಡೀ ಬ್ಯೂಫೋರ್ಟಿನಲ್ಲೇ ದೊಡ್ಡದೆನಿಸಿದ ತೈಲಕ್ಷೇತ್ರ ಸಿಕ್ಕಿತು. 20 ಕೋಟಿ ಬ್ಯಾರೆಲ್‌ಗೂ ಹೆಚ್ಚು ಎಂದು ಅಂದಾಜು. ಅದನ್ನು ಅಳೆಯಲು ಮೊಲಿಕ್‌ಪಾಕ್‌ ಅನ್ನು ಅಲ್ಲಿಗೆ ಒಯ್ದು ನಿಲ್ಲಿಸಿದರು.

1986ರ ಏಪ್ರಿಲ್ 12ರಂದು ಮಂಜು ಮೊಲಿಕ್‌ಪಾಕ್‌ನ ಪರೀಕ್ಷೆಗಿಳಿಯಿತು. ಹಲವು ಚಳಿಗಾಲ ಕಂಡು ಕಲ್ಲಾದ ದೈತ್ಯ ಹಾಸೊಂದು ತೇಲಿಬಂದು ಉಕ್ಕಿನ ಗೋಡೆಗೆ ಒತ್ತಿತು. ಗೋಡೆಯಲ್ಲಿ ಅದು ಪುಡಿಯಾಗುತ್ತ ಹೋದಂತೆ ತಾಳ ಹಿಡಿದಂತಹ ನಡುಕ ಹುಟ್ಟಿ, ಇಡೀ ಕೋಟೆ ಅದುರತೊಡಗಿತು. ಅಪಾಯ ಇದ್ದದ್ದು ಉಕ್ಕಿನಲ್ಲಲ್ಲ, ಒಳಗಿನ ಮರಳಿನಲ್ಲಿ. ನೀರು ತುಂಬಿದ ಸಡಿಲ ಮರಳನ್ನು ಒಂದೇ ಸಮನೆ ಅಲುಗಿಸಿದರೆ ಅದು ನೆಲದ ಗುಣ ಬಿಟ್ಟು ದ್ರವದಂತಾಗುತ್ತದೆ. ಮೊಲಿಕ್‌ಪಾಕ್‌ನ ಗರ್ಭದಲ್ಲಿ ಒಂದು ಭಾಗಕ್ಕೆ ಅದೇ ಆಯಿತು, ಮರಳು ಕುಸಿದು ಕೂತಿತು. ಹಾಸು ನಿಂತಿತು, ಕೋಟೆ ಉಳಿಯಿತು. ಅಂದು ಬಿದ್ದ ಒತ್ತಡ ಎಷ್ಟೆಂದು ತಜ್ಞರು ವರ್ಷಗಟ್ಟಲೆ ವಾದ ಮಾಡಿದರು. ಮುಂದಿನ ನೆಲೆಯಲ್ಲಿ ಮಾತ್ರ ಯಾರೂ ವಾದಕ್ಕೆ ಕಾಯಲಿಲ್ಲ: ಒಳಗಿನ ಮರಳಿನಲ್ಲಿ ಸ್ಫೋಟಕ ಸಿಡಿಸಿ ಅದನ್ನು ಗಟ್ಟಿ ಮಾಡಿಯೇ ಕೆಲಸ ಶುರು ಮಾಡಿದರು.

ಅಷ್ಟರಲ್ಲಿ ಹೊಡೆತ ಬೇರೆ ದಿಕ್ಕಿನಿಂದ ಬಿದ್ದಾಗಿತ್ತು. 30 ಡಾಲರಿನ ಆಸುಪಾಸಿನಲ್ಲಿದ್ದ ಬ್ಯಾರೆಲ್ ಬೆಲೆ 1986ರ ಬೇಸಿಗೆಗೆ 10ರ ಹತ್ತಿರಕ್ಕೆ ಜಾರಿತು. ಹೊಸ ಸರ್ಕಾರ ಸಹಾಯಧನ ನಿಲ್ಲಿಸಿತು. ಆ ವರ್ಷ ಅಮೌಲಿಗಕ್‌ನ 3 ಲಕ್ಷ ಬ್ಯಾರೆಲ್‌ಗೂ ಮಿಕ್ಕಿದ ಪರೀಕ್ಷಾ ತೈಲ ಟ್ಯಾಂಕರಿನಲ್ಲಿ ಜಪಾನಿಗೆ ಹೋಯಿತು. ಅದರ ಹಿಂದೆ ಎರಡನೆಯ ಸರಕು ಹೋಗಲಿಲ್ಲ. ಡೋಮ್ ಕಥೆ ಅದಕ್ಕೂ ಮೊದಲೇ ಮುಗಿಯುತ್ತ ಬಂದಿತ್ತು. 1981ರಲ್ಲಿ ಸಾಲ ಮಾಡಿ ಹಡ್ಸನ್ಸ್ ಬೇ ಆಯಿಲ್ ಅಂಡ್ ಗ್ಯಾಸ್ ಕಂಪನಿಯನ್ನು ಕೊಳ್ಳಲು ಹೋಗಿ, ಬಡ್ಡಿ ಶೇ. 20 ದಾಟಿದ ಆ ಕಾಲದಲ್ಲಿ ಅದು ಶತಕೋಟಿಗಟ್ಟಲೆ ಡಾಲರ್ ಸಾಲದಲ್ಲಿ ಮುಳುಗಿತು. ಗ್ಯಾಲಗರ್ 1983ರಲ್ಲಿ ಕುರ್ಚಿ ಬಿಟ್ಟ. 1988ರಲ್ಲಿ ಅಮೋಕೊ ಎಂಬ ತೈಲ ಕಂಪನಿ ಡೋಮ್ ಅನ್ನು ಕೊಂಡುಕೊಂಡಿತು.

ಅಮೌಲಿಗಕ್‌ನ ಎಣ್ಣೆ ಇದ್ದಲ್ಲೇ ಉಳಿಯಿತು. ಮೊಲಿಕ್‌ಪಾಕ್ ಮಾತ್ರ ಉಳಿಯಲಿಲ್ಲ. 1998ರಲ್ಲಿ ಅದನ್ನು ಪೆಸಿಫಿಕ್‌ಗೆ ಎಳೆದೊಯ್ದು, ಬುಡಕ್ಕೆ ಉಕ್ಕಿನ ಇನ್ನೊಂದು ಅಂತಸ್ತು ಬೆಸೆದು, ಸಖಾಲಿನ್ ದ್ವೀಪದ ಈಶಾನ್ಯ ಕರಾವಳಿಯಾಚೆ ಕೂರಿಸಿದರು. 1999ರ ಜುಲೈನಲ್ಲಿ ಅದರಿಂದ ತೈಲ ಬರತೊಡಗಿತು. ರಷ್ಯ ದೇಶ ಕಡಲಿನಿಂದ ತೆಗೆದ ಎಣ್ಣೆ ಅದು. ಬಂದದ್ದು ಕೆನಡದ ಬೊಕ್ಕಸದ ಕಾಲದಲ್ಲಿ ಕಟ್ಟಿದ ಕೋಟೆಯಿಂದ.