ಜಿನಾಲಯದ ನೆಲ: ಅಗೆತದ ಮಿತಿ

ರಾಣೆಬೆನ್ನೂರು ತಾಲ್ಲೂಕಿನ ಐರಣಿ ತುಂಗಭದ್ರಾ ತೀರದ ಹಳೆಯ ಕೋಟೆಯ ಊರು. ಇಂಥ ಊರುಗಳಲ್ಲಿ ನೆಲ ಹೊಳೆಯ ಕಡೆಗೆ ಇಳಿಜಾರಾಗಿರುವುದು ಸಹಜ. ಅಲ್ಲಿ ಮನೆಯಾಗಲಿ, ಮಂದಿರವಾಗಲಿ, ಸಮುದಾಯ ಭವನವಾಗಲಿ ಕಟ್ಟಬೇಕಾದರೆ ಮೊದಲ ಕೆಲಸ ನಿವೇಶನವನ್ನು ಮಟ್ಟ ಮಾಡುವುದು. ಬಸದಿಗಳ ಇತಿಹಾಸ ಬರೆಯುವವರು ಶಿಖರ, ಕಂಬ, ಶಾಸನಗಳನ್ನು ವರ್ಣಿಸುತ್ತಾರೆ; ಅವುಗಳ ಕೆಳಗಿನ ಮಣ್ಣನ್ನು ಎಷ್ಟು ಕಡಿದರು, ಎಲ್ಲಿ ಹಾಕಿದರು ಎಂಬುದನ್ನು ಯಾರೂ ಕೇಳುವುದಿಲ್ಲ. ಶ್ರಾವಕನಿಗಾದರೋ ಅದು ಕೇಳಲೇಬೇಕಾದ ಪ್ರಶ್ನೆ.

ಏಕೆಂದರೆ ಜೈನಾಗಮದ ದೃಷ್ಟಿಯಲ್ಲಿ ಭೂಮಿಯು ಜಡವಲ್ಲ. ಪೃಥ್ವೀಕಾಯ ಜೀವಗಳು ಏಕೇಂದ್ರಿಯ ಜೀವಗಳು. ಅದೇ ಮಣ್ಣಿನಲ್ಲಿ ಎರೆಹುಳು, ಇರುವೆ ಮೊದಲಾದ ತ್ರಸಜೀವಗಳೂ ನೆಲೆಸಿವೆ. ಮುನಿಗಳಿಗೆ ಭೂಮಿಯನ್ನು ಅಗೆಯುವುದು ಸರ್ವಥಾ ನಿಷಿದ್ಧ. ಗೃಹಸ್ಥನಿಗೆ ಮನೆ ಮಠಗಳ ನಿಮಿತ್ತ ಆಗುವ ಆರಂಭೀ ಹಿಂಸೆ ಅನಿವಾರ್ಯವೆಂದು ಆಚಾರ್ಯರು ಒಪ್ಪಿದ್ದಾರೆ. ಆದರೆ ಮಿತಿಯನ್ನೂ ಹಾಕಿದ್ದಾರೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕೆದಕುವುದನ್ನು ಪ್ರಮಾದಚರ್ಯೆಯೆಂದು ಕರೆದಿದ್ದಾರೆ. ಅಷ್ಟೇ ಅಲ್ಲ, ಹಿಂಸಾದಾನದ ಪ್ರಸಂಗದಲ್ಲಿ ಕೊಡಲಿ, ಕತ್ತಿಗಳ ಸಾಲಿನಲ್ಲಿಯೇ ಅಗೆಯುವ ಸಲಕರಣೆಯನ್ನೂ ಹೆಸರಿಸಿದ್ದಾರೆ. ಮಣ್ಣು ತೆಗೆಯುವ ಯಂತ್ರವನ್ನು ತಾಸಿನ ಬಾಡಿಗೆಗೆ ಕೊಡುವ ಇಂದಿನ ವ್ಯಾಪಾರಿ ಈ ಮಾತನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ವ್ಯಾಪಾರವನ್ನು ಬಿಡಬೇಕೆಂದಲ್ಲ, ಯಾವ ಕೆಲಸಕ್ಕೆ ಕೊಡುತ್ತಿದ್ದೇನೆ ಎಂದು ವಿಚಾರಿಸುವುದಕ್ಕೆ ಖರ್ಚೇನೂ ಇಲ್ಲ.

ಹಿಂದಿನವರು ಅಗೆಯದೆ ಕಟ್ಟಿದರೆಂದು ಹೇಳಲಾಗದು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ 58 ಅಡಿಯ ಗೊಮ್ಮಟಮೂರ್ತಿ ಬೆಟ್ಟದ ನೆತ್ತಿಯ ಬಂಡೆಯಿಂದಲೇ ಮೂಡಿದ್ದು. ಸುತ್ತಲಿನ ಶಿಲೆಯನ್ನೆಲ್ಲ ಕಡಿದು ತೆಗೆದ ಮೇಲೆ ಉಳಿದದ್ದೇ ಮೂರ್ತಿ. ಆದರೆ ಎದುರಿನ ಚಂದ್ರಗಿರಿಗೆ ಹೋದವರು ಬೇರೊಂದು ಸಂಗತಿಯನ್ನು ಕಾಣುತ್ತಾರೆ. ಅಲ್ಲಿ ಇಷ್ಟೊಂದು ಬಸದಿಗಳಿದ್ದರೂ ಒಂದರಿಂದ ಒಂದಕ್ಕೆ ನಡೆಯುವಾಗ ಬಂಡೆಯ ಏರಿಳಿತ ಇಂದಿಗೂ ಕಾಲಿಗೆ ತಿಳಿಯುತ್ತದೆ. ಬೆಟ್ಟವನ್ನೇ ಬಯಲು ಮಾಡುವ ಹಂಬಲ ಅವರಿಗಿರಲಿಲ್ಲ. ಕಟ್ಟಡ ನಿಲ್ಲುವಷ್ಟು ಜಾಗವನ್ನು ಅಧಿಷ್ಠಾನದ ಕಲ್ಲಿನಿಂದ ಮಟ್ಟಕ್ಕೆ ತಂದುಕೊಂಡು ಉಳಿದದ್ದನ್ನು ಇದ್ದಂತೆಯೇ ಬಿಟ್ಟರು.

ನೆಲವನ್ನು ಮುಟ್ಟುವ ಮೊದಲು ಪರೀಕ್ಷಿಸುವ ಕ್ರಮವೂ ಇತ್ತು. ದೆಹಲಿಯ ಖಿಲ್ಜಿ ಸುಲ್ತಾನರ ಟಂಕಶಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ಶ್ರಾವಕ ಠಕ್ಕುರ ಫೇರು 1315ರಲ್ಲಿ ಪ್ರಾಕೃತದಲ್ಲಿ ವಾಸ್ತುಸಾರವನ್ನು ರಚಿಸಿದನು. ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಿ ನೋಡುವ ಭೂಪರೀಕ್ಷೆ ಅದರಲ್ಲಿಯೂ ಇದೆ. ಮಣ್ಣು ಉಳಿದರೆ ಉತ್ತಮ, ಸರಿಹೋದರೆ ಮಧ್ಯಮ, ಸಾಲದಿದ್ದರೆ ಅಧಮ. ಇದು ಶಕುನವಲ್ಲ, ನೆಲ ಎಷ್ಟು ಗಟ್ಟಿಯಾಗಿ ಕೂತಿದೆ ಎಂಬುದರ ಅಳತೆ. ಆದರೆ ರಾಣೆಬೆನ್ನೂರು, ಬ್ಯಾಡಗಿ ಕಡೆಯ ಎರೆಭೂಮಿಯಲ್ಲಿ ಈ ಒಂದೇ ಪರೀಕ್ಷೆಯನ್ನು ನಂಬಬಾರದು. ಬೇಸಗೆಯ ಎರೆಮಣ್ಣು ಹೆಂಟೆಹೆಂಟೆಯಾಗಿ ಎದ್ದು ಗುಂಡಿ ತುಂಬಿ ಉಳಿಯುತ್ತದೆ, ಉತ್ತಮವೆನ್ನಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನು ಸೀಳುತ್ತದೆ. ಅಂಥಲ್ಲಿ ಕಟ್ಟಡದ ಅಡಿಯಷ್ಟು ಎರೆಮಣ್ಣನ್ನು ತೆಗೆದು ಗರಸನ್ನು ಅರ್ಧ ಅಡಿಯ ಪದರಗಳಾಗಿ ಹಾಸಿ, ನೀರುಣಿಸಿ, ದಮ್ಮಸು ಹೊಡೆದು ಕೂರಿಸಬೇಕು. ಒಂದೇ ಸಲಕ್ಕೆ ಸುರಿದ ಗರಸು ವರ್ಷದೊಳಗೆ ಕುಸಿದು, ಅದೇ ನೆಲವನ್ನು ಮತ್ತೆ ಅಗೆಯುವ ಪ್ರಸಂಗ ಬರುತ್ತದೆ. ಎರಡನೆಯ ಅಗೆತವನ್ನು ಅನಿವಾರ್ಯವೆಂದು ಹೇಳಲು ಯಾವ ಶಾಸ್ತ್ರವೂ ಸಹಾಯಕ್ಕೆ ಬಾರದು.

ಗುದ್ದಲಿ, ಬುಟ್ಟಿಗಳ ಕಾಲದಲ್ಲಿ ಮಣ್ಣುಕೆಲಸದವರು ಕಡಿದ ಜಾಗದ ನಡುನಡುವೆ ಅಗೆಯದ ಮಣ್ಣಿನ ಕಂಬಗಳನ್ನು ಬಿಡುತ್ತಿದ್ದರು. ಎಷ್ಟು ಆಳ ತೆಗೆದಿದೆ ಎಂದು ಅಳೆದು ಕೂಲಿ ಲೆಕ್ಕ ಹಾಕುವುದಕ್ಕೆ ಅವು ಸಾಕ್ಷಿ. ಆ ಕಂಬಗಳಲ್ಲಿ ನೆಲದ ಪದರಗಳೂ ಕಾಣುತ್ತಿದ್ದವು. ಗುದ್ದಲಿಗೆ ಕಲ್ಲು ತಾಗಿದರೆ ಕೈ ನಿಲ್ಲುತ್ತಿತ್ತು. ಯಂತ್ರದ ಹಲ್ಲಿಗೆ ಕಲ್ಲಿಗೂ ಮೂರ್ತಿಗೂ ಭೇದವಿಲ್ಲ. ಹಳೇಬೀಡಿನಲ್ಲಿ 2021ರಲ್ಲಿ ನಡೆದದ್ದನ್ನು ಸಮಾಜ ಮರೆಯಬಾರದು. ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ ಊರದು. ಅಲ್ಲಿ ಯಂತ್ರದಿಂದ ಮಣ್ಣು ತೆಗೆಯುವಾಗ ಶಿಲ್ಪಗಳೂ ಬಸದಿಯ ಅವಶೇಷಗಳೂ ಹೊರಬಂದವು. ಶಿಲ್ಪಗಳಿಗೆ ಪೆಟ್ಟಾಯಿತೆಂಬ ಆಕ್ಷೇಪವೆದ್ದಿತು. ಶಾಸ್ತ್ರೀಯ ಉತ್ಖನನ ನಡೆದದ್ದು ಆಮೇಲೆ.

ಐರಣಿಯಂಥ ಕೋಟೆಯ ಊರಿಗೂ ಈ ಎಚ್ಚರ ಅಷ್ಟೇ ಅವಶ್ಯ. ಕೇಂದ್ರ ಸರಕಾರದ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧವೆಂದೂ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕೆಂದೂ 2010ರ ತಿದ್ದುಪಡಿ ಹೇಳುತ್ತದೆ. ಸ್ವಂತ ಜಮೀನಿನಲ್ಲಿಯೇ ಆದರೂ ನೆಲದಡಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಕಾಯಿದೆ. ಸಿಕ್ಕ ತೀರ್ಥಂಕರ ಮೂರ್ತಿಯನ್ನು ಭಕ್ತಿಯಿಂದ ತೊಳೆದು ಒಳಗಿಡುವ ಮೊದಲು ಟ್ರಸ್ಟಿನವರು ಇದನ್ನು ನೆನೆಯಬೇಕು.

ಇನ್ನು ಲೆಕ್ಕದ ಮಾತು. ಸಮಾಜದಲ್ಲಿ ಲೆಕ್ಕ ಬಲ್ಲವರಿಗೆ ಕೊರತೆಯಿಲ್ಲ. ಇಪ್ಪತ್ತು ಗುಂಟೆ, ಎಂದರೆ 21,780 ಚದರ ಅಡಿಯ ನಿವೇಶನವೊಂದು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಎಂಟು ಅಡಿ ಸಮವಾಗಿ ಇಳಿಯುತ್ತದೆನ್ನೋಣ. ಮೇಲಿನ ಅರ್ಧವನ್ನು ಕಡಿದು ಕೆಳಗಿನ ಅರ್ಧಕ್ಕೆ ತುಂಬಿ ಇಡಿಯ ನಿವೇಶನವನ್ನು ಒಂದೇ ಮಟ್ಟಕ್ಕೆ ತಂದರೆ ಕಡಿಯಬೇಕಾದ ಮಣ್ಣು 21,780 ಘನ ಅಡಿ. ನೂರು ಘನ ಅಡಿಗೆ ಒಂದು ಬ್ರಾಸಿನಂತೆ ಸುಮಾರು 218 ಬ್ರಾಸ್. ಅದೇ ನಿವೇಶನವನ್ನು ನಡುವೆ ನಾಲ್ಕು ಅಡಿಯ ಮೆಟ್ಟಿಲಿಟ್ಟು ಎರಡು ಮಟ್ಟಗಳಾಗಿ ಮಾಡಿದರೆ 109 ಬ್ರಾಸ್ ಸಾಕು. ಮೂರು ಮಟ್ಟಗಳಾದರೆ 73. ಮೇಲಿನ ಮಟ್ಟದಲ್ಲಿ ಬಸದಿ, ಕೆಳಗಿನದರಲ್ಲಿ ಭವನ ಮತ್ತು ವಾಹನಗಳ ಜಾಗ. ವೃದ್ಧರಿಗಾಗಿ ಒಂದು ಇಳಿಜಾರು ದಾರಿಯನ್ನೂ, ಮಟ್ಟಗಳ ನಡುವೆ ತಡೆಗೋಡೆಯನ್ನೂ ಕಟ್ಟಬೇಕಾಗುತ್ತದೆ. ಆ ಖರ್ಚನ್ನು ಮರೆಮಾಚಬಾರದು. ಗುತ್ತಿಗೆದಾರನಿಗೆ ಒಂದೇ ಮಟ್ಟ ಸುಲಭ, ಆದ್ದರಿಂದ ಅವನ ನಕಾಶೆಯಲ್ಲಿ ಅದೇ ಇರುತ್ತದೆ. ಸಭೆಯಲ್ಲಿ ಎರಡನೆಯ ನಕಾಶೆಯನ್ನು ಕೇಳುವ ಅಧಿಕಾರ ಟ್ರಸ್ಟಿನದು.

ಕೆಲಸದ ಕಾಲವನ್ನೂ ಟ್ರಸ್ಟೇ ಗೊತ್ತುಮಾಡಬಹುದು. ಚಾತುರ್ಮಾಸ್ಯದಲ್ಲಿ ಮಣ್ಣಿನಲ್ಲಿ ಜೀವೋತ್ಪತ್ತಿ ಅಧಿಕ. ಆಗಲೇ ಎರೆಭೂಮಿಯಲ್ಲಿ ಯಂತ್ರದ ಗಾಲಿಗಳೂ ಹೂಳುತ್ತವೆ. ಕಾರ್ತಿಕ ಕಳೆದು ನೆಲ ಒಣಗಿದ ಮೇಲೆ ಆರಂಭಿಸಿದರೆ ಮುಂದಿನ ಮಳೆಗೆ ಮುನ್ನ ಗರಸು ಕೂರಿಸುವ ಕೆಲಸ ಮುಗಿಸಲು ಐದಾರು ತಿಂಗಳು ಸಿಗುತ್ತವೆ.