ಆಲ್-ಟೆರೇನ್ ಟೈರು: ಮುರುಗಮಲ್ಲ ಸೀಮೆಯ ಫೋರ್‌ವೀಲ್ ವಾಹನಗಳಿಗೆ ಆಯ್ಕೆ

ಡಾಂಬರು ರಸ್ತೆಯಲ್ಲೂ ಕಚ್ಚಾ ದಾರಿಯಲ್ಲೂ ಓಡಲೆಂದು ತಯಾರಾಗುವ ರೇಡಿಯಲ್ ಟೈರಿಗೆ ಆಲ್-ಟೆರೇನ್ ಟೈರು ಎಂದು ಹೆಸರು, ಸಂಕ್ಷೇಪವಾಗಿ ಎ/ಟಿ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಜೀಪು, ಎಸ್‌ಯುವಿ, ಪಿಕಪ್‌ಗಳಿಗೆ ಇದನ್ನು ಹೆಚ್ಚಾಗಿ ಹಾಕುತ್ತಾರೆ. ಹೆದ್ದಾರಿಗೆಂದೇ ಮಾಡಿದ ಎಚ್/ಟಿ ಟೈರಿಗೂ ಕೆಸರಿಗೆಂದೇ ಮಾಡಿದ ಎಂ/ಟಿ ಟೈರಿಗೂ ನಡುವಿನದು ಇದು. ಯಾವ ಎ/ಟಿ ಕೊಳ್ಳಬೇಕು, ಅಸಲಿಗೆ ಕೊಳ್ಳಬೇಕೇ ಬೇಡವೇ ಎಂಬುದನ್ನು ವಾಹನಕ್ಕಿಂತ ಅದು ಓಡಾಡುವ ನೆಲವೇ ತೀರ್ಮಾನಿಸುತ್ತದೆ. ಇಲ್ಲಿ ಗಮನದಲ್ಲಿಟ್ಟುಕೊಂಡಿರುವುದು ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಹೋಬಳಿ ಮತ್ತು ಅದರ ಸುತ್ತಲಿನ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ನೆಲ.

ನೆಲದ ಸ್ವರೂಪ

ಮುರುಗಮಲ್ಲ ಹೊರಗಿನವರಿಗೆ ಗೊತ್ತಿರುವುದು ಅಮ್ಮಾಜಾನ್ ಬಾವಾಜಾನ್ ದರ್ಗಾದಿಂದ. ಅಲ್ಲಿಗೆ ಬರುವವರಿಗೆ ಯಾವ ವಿಶೇಷ ಟೈರೂ ಬೇಕಿಲ್ಲ, ಡಾಂಬರು ರಸ್ತೆಯಿದೆ. ರಸ್ತೆ ಬಿಟ್ಟು ಹೊಲದ ಕಡೆ ತಿರುಗಿದಾಗ ಪ್ರಶ್ನೆ ಹುಟ್ಟುತ್ತದೆ. ಈ ಸೀಮೆಯ ಮಣ್ಣು ಕೆಂಪು ಮರಳುಗೂಡಿದ್ದು, ನೀರನ್ನು ಬೇಗ ಇಂಗಿಸಿಕೊಳ್ಳುತ್ತದೆ. ಮಳೆ ಬಿದ್ದ ಮರುದಿನವೇ ನಕಾಶೆ ದಾರಿಗಳು (ಗ್ರಾಮ ನಕ್ಷೆಯಲ್ಲಿರುವ ಕಚ್ಚಾ ದಾರಿಗಳು) ಬಂಡಿ ಹೋಗುವಷ್ಟು ಗಟ್ಟಿಯಾಗುತ್ತವೆ. ಹಾಗಾಗಿ ವರ್ಷದ ಹೆಚ್ಚಿನ ಕಾಲ ಇಲ್ಲಿ ಟೈರಿಗೆ ಎದುರಾಗುವುದು ಕೆಸರಲ್ಲ. ಗರಸು, ಗ್ರಾನೈಟ್ ಹಾಸುಬಂಡೆ, ಕ್ರಷರ್ ಟಿಪ್ಪರ್‌ಗಳಿಂದ ಉದುರಿದ ಚೂಪು ಜಲ್ಲಿ, ಕೆರೆ ಏರಿಯ ಪಕ್ಕದ ಜಾಲಿ ಮುಳ್ಳು. ಅಂಬಾಜಿದುರ್ಗದಂಥ ಬೆಟ್ಟಗಳ ಬುಡದ ದಾರಿಗಳಲ್ಲಿ ಈ ನಾಲ್ಕೂ ಒಟ್ಟಿಗೆ ಸಿಗುತ್ತವೆ.

ಕೆಸರು ಇಲ್ಲವೆಂದಲ್ಲ. ಕೆರೆಯಂಗಳದಲ್ಲಿ ಗೋಡು ಮಣ್ಣಿದೆ. ಬೇಸಿಗೆಯಲ್ಲಿ ಅದರ ಮೇಲ್ಪದರ ಬಿರುಕುಬಿಟ್ಟು ಗಟ್ಟಿಯಾಗಿ ಕಂಡರೂ ಒಳಗೆ ಹಸಿಯಿರುತ್ತದೆ. ವಾಹನದ ತೂಕಕ್ಕೆ ಮೇಲಿನ ಹೆಪ್ಪು ಒಡೆದರೆ ಆಕ್ಸಲ್‌ವರೆಗೆ ಹೂತುಹೋಗುತ್ತದೆ. ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಯತೊಡಗಿದ ಮೇಲೆ, ವರ್ಷಗಟ್ಟಲೆ ಒಣಗಿದ್ದ ಕೆಲವು ಅಂಗಳಗಳು ಸದಾ ಹಸಿಯಾಗಿವೆ. ಹತ್ತು ವರ್ಷದ ಹಿಂದೆ ಜೀಪು ದಾಟುತ್ತಿದ್ದ ಜಾಗ ಈಗಲೂ ದಾಟಲು ತಕ್ಕದ್ದೆಂದು ನಂಬುವಂತಿಲ್ಲ. ಈ ಭಾಗಕ್ಕೆ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರುತ್ತದೆ. 2021ರ ನವೆಂಬರ್‌ನಂತೆ ಕೆಲವೊಮ್ಮೆ ಅದಕ್ಕೂ ಆಚೆ ಸುರಿದು ಕೆರೆಗಳು ಕೋಡಿ ಹರಿದರೆ ಡಾಂಬರು ರಸ್ತೆಯ ಮೇಲೇ ನೀರು ನಿಲ್ಲುತ್ತದೆ. ಗೌರಿಬಿದನೂರಿನ ಉತ್ತರ ಪಿನಾಕಿನಿ ಪಾತ್ರದ ಮರಳಿನ ಮಾತೇ ಬೇರೆ, ಅದು ಮುಂದೆ ಬರುತ್ತದೆ.

ರಚನೆ

ಎ/ಟಿ ಟೈರಿನ ಮೈಮೇಲೆ ರಬ್ಬರಿನ ದಪ್ಪ ಕಟ್ಟೆಗಳಿರುತ್ತವೆ, ಅವುಗಳ ನಡುವೆ ಎಚ್/ಟಿಗಿಂತ ಅಗಲವಾದ ತೋಡುಗಳು. ತೋಡು ಅಗಲವಾದಷ್ಟೂ ಸಡಿಲ ಮಣ್ಣನ್ನು ಕಚ್ಚುವ ಶಕ್ತಿ ಹೆಚ್ಚು, ಡಾಂಬರಿಗೆ ತಾಗುವ ರಬ್ಬರು ಕಡಿಮೆ. ಹೊಸ ಎ/ಟಿಯ ತೋಡು ಸಾಮಾನ್ಯವಾಗಿ 10–12 ಮಿ.ಮೀ. ಆಳವಿರುತ್ತದೆ. ತೋಡಿನ ತಳದಲ್ಲಿ ಕಾಣುವ ಪುಟ್ಟ ಉಬ್ಬುಗಳು ಅಲಂಕಾರಕ್ಕಲ್ಲ. ಸಿಕ್ಕಿಕೊಂಡ ಜಲ್ಲಿ ಒಳಕ್ಕೆ ಕೊರೆದುಕೊಂಡು ಹೋಗದಂತೆ ಅವು ಅದನ್ನು ಹೊರಕ್ಕೆ ತಳ್ಳುತ್ತವೆ. ಕ್ರಷರ್ ದಾರಿಗಳಲ್ಲಿ ಓಡಾಡುವವರು ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಇವನ್ನೇ. ಕಟ್ಟೆಗಳ ಮೇಲಿನ ಕೂದಲೆಳೆಯಂಥ ಗೀರುಗಳು ಒದ್ದೆ ಡಾಂಬರಿನಲ್ಲಿ ಹಿಡಿತ ಕೊಡುತ್ತವೆ. ಅವು ಕಡಿಮೆಯಿದ್ದರೆ ಟೈರು ಮಳೆಯಲ್ಲಿ ಜಾರುತ್ತದೆ.

ಎ/ಟಿ ಹಾಕಿದರೆ ಸದ್ದು ಹೆಚ್ಚುತ್ತದೆ, ಚಕ್ರದ ತೂಕ ಹೆಚ್ಚುತ್ತದೆ, ಮೈಲೇಜು ಸ್ವಲ್ಪ ಇಳಿಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದ ಮೇಲೆ ವಾಹನ ನಿಲ್ಲಲು ಒಳ್ಳೆಯ ಎಚ್/ಟಿಗಿಂತ ಹೆಚ್ಚು ದೂರ ಬೇಕಾಗಬಹುದು. ವಾರವಿಡೀ ಬೆಂಗಳೂರಿನಲ್ಲಿ ಓಡಿ, ಹೊಸಕೋಟೆ ದಾಟಿ ತಿಂಗಳಿಗೊಮ್ಮೆ ಚಿಂತಾಮಣಿಯ ಮಾವಿನ ತೋಟಕ್ಕೆ ಬರುವ ಮಾಲೀಕರಿಗೆ ಇದು ನಷ್ಟದ ವ್ಯಾಪಾರ. ಟೊಮೆಟೊ, ಹಿಪ್ಪುನೇರಳೆ ತೋಟಗಳ ನಡುವೆ ದಿನಾ ಓಡಾಡುವ ರೈತನಿಗೆ ಲೆಕ್ಕ ಬೇರೆ ಬರುತ್ತದೆ.

ಟೈರಿನ ಪಕ್ಕದಲ್ಲಿ ಎಂ+ಎಸ್ (ಕೆಸರು ಮತ್ತು ಹಿಮ) ಗುರುತು, ಕೆಲವದರ ಮೇಲೆ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿತ್ರ ಇರುತ್ತದೆ. ಎರಡನೆಯದು ಹಿಮದ ರಸ್ತೆಯ ಪರೀಕ್ಷೆಯಲ್ಲಿ ಪಾಸಾದುದರ ಗುರುತು. ಲಡಾಖ್‌ಗೆ ಹೋಗುವವರಿಗೆ ಪ್ರಯೋಜನಕ್ಕೆ ಬಂದೀತು. ನಂದಿಬೆಟ್ಟದ ಮಂಜಿಗೆ ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿಗೆ 6.00–16 ಅಳತೆಯ ಕಿರಿದಾದ ಬಯಾಸ್-ಪ್ಲೈ ಟೈರು ಇತ್ತು. ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರ ಇಲ್ಲಿ ಜೀಪು ಜೋಡಿಸತೊಡಗಿದ ಮೇಲೆ ಅದೇ ಅಳತೆ ದಶಕಗಳ ಕಾಲ ಹಳ್ಳಿಹಳ್ಳಿಯಲ್ಲಿ ಓಡಿತು. ಅಮೆರಿಕದ ಬಿಎಫ್‌ಗುಡ್ರಿಚ್ 1976ರಲ್ಲಿ ಆಲ್-ಟೆರೇನ್ ಹೆಸರಿನ ರೇಡಿಯಲ್ ಟೈರನ್ನು ಮಾರುಕಟ್ಟೆಗೆ ತಂದಿತು. ಈ ವರ್ಗಕ್ಕೆ ಹೆಸರು ನೆಲೆಯಾದದ್ದು ಅಲ್ಲಿಂದ. ಕರ್ನಾಟಕದ ಟೈರು ಉದ್ಯಮದ ಕಥೆ ಮೈಸೂರಿನ ವಿಕ್ರಾಂತ್ ಟೈರ್ಸ್‌ನೊಂದಿಗೆ ಬೆಸೆದುಕೊಂಡಿದೆ. ಅದು 1997ರಲ್ಲಿ ಜೆಕೆ ಸಮೂಹದ ಕೈಸೇರಿತು. ಇಂದು ಜೆಕೆಯ ರೇಂಜರ್, ಸಿಯೆಟ್‌ನ ಝಾರ್, ಅಪೊಲೊದ ಆಪ್ಟೆರಾ, ಎಂಆರ್‌ಎಫ್‌ನ ವಾಂಡರರ್, ಯೊಕೊಹಾಮಾದ ಜಿಯೊಲ್ಯಾಂಡರ್ ಸರಣಿಗಳು ಭಾರತದ ಪೇಟೆಯಲ್ಲಿವೆ. 2020ರಲ್ಲಿ ಬಂದ ಎರಡನೆಯ ತಲೆಮಾರಿನ ಮಹೀಂದ್ರ ಥಾರ್‌ನ ಎಲ್‌ಎಕ್ಸ್ ಮಾದರಿಗೆ ಕಾರ್ಖಾನೆಯಿಂದಲೇ ಎ/ಟಿ ಬಂದಿತು. 2023ರಲ್ಲಿ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿಗೆ ಬರುವುದು ಎಚ್/ಟಿ. ಟೈರು ಬದಲಾಯಿಸುವ ಮಾತು ಜಿಮ್ನಿ ಮಾಲೀಕರಲ್ಲಿ ಹೆಚ್ಚು ಕೇಳಿಬರುವುದು ಇದೇ ಕಾರಣಕ್ಕೆ.

ಅಳತೆ

ಟೈರಿನ ಮೇಲೆ 195/80 ಆರ್15 ಎಂದಿದ್ದರೆ ಅಗಲ 195 ಮಿ.ಮೀ., ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ. 80, ರಚನೆ ರೇಡಿಯಲ್, ಡಿಸ್ಕ್ 15 ಇಂಚು ಎಂದರ್ಥ. ಇದು ಜಿಮ್ನಿಯ ಮೂಲ ಅಳತೆ, ಒಟ್ಟು ವ್ಯಾಸ 693 ಮಿ.ಮೀ. ಅದೇ ಡಿಸ್ಕಿಗೆ 215/75 ಆರ್15 ಹಾಕಿದರೆ ವ್ಯಾಸ 703.5 ಮಿ.ಮೀ. ಆಗುತ್ತದೆ, ಅಂದರೆ ಸುಮಾರು ಶೇ. 1.5 ಹೆಚ್ಚಳ. ನೆಲದಿಂದ ವಾಹನ ಏರುವುದು ಇದರ ಅರ್ಧ, ಬರೀ 5 ಮಿ.ಮೀ. ಚಿಲ್ಲರೆ. ಇನ್ನೂ ಆಸೆಪಟ್ಟು 235/75 ಆರ್15 ಹಾಕಿದರೆ ವ್ಯಾಸ 733.5 ಮಿ.ಮೀ., ಹೆಚ್ಚಳ ಶೇ. 5.8. ಆಗ ಸ್ಪೀಡೋಮೀಟರಿನ ಮುಳ್ಳು 100 ತೋರಿಸುವಾಗ ವಾಹನ ಮೊದಲಿಗಿಂತ ಸುಮಾರು ಶೇ. 6 ವೇಗವಾಗಿ ಓಡುತ್ತಿರುತ್ತದೆ, ಏರಿನಲ್ಲಿ ಎಂಜಿನ್ ಸೋಲುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಸಂಭವವಿದೆ. ಮೂಲ ವ್ಯಾಸಕ್ಕಿಂತ ಶೇ. 3 ಮೀರಬಾರದೆಂಬುದು ವೃತ್ತಿಯಲ್ಲಿರುವವರು ಪಾಲಿಸುವ ಮಿತಿ.

ಥಾರ್‌ನಲ್ಲಿ ಎರಡು ಅಳತೆಗಳು ಬಂದಿವೆ: 245/75 ಆರ್16 ಮತ್ತು 255/65 ಆರ್18. ವ್ಯಾಸದಲ್ಲಿ ಎರಡಕ್ಕೂ ಅಂಥ ಅಂತರವಿಲ್ಲ (774 ಮತ್ತು 789 ಮಿ.ಮೀ.). ಆದರೆ 16 ಇಂಚಿನದರ ಸೈಡ್‌ವಾಲ್ ಸುಮಾರು 184 ಮಿ.ಮೀ. ಎತ್ತರ, 18 ಇಂಚಿನದು 166. ನೋಟಕ್ಕೆ ದೊಡ್ಡ ಅಲಾಯ್ ಗೆಲ್ಲುತ್ತದೆ. ಮುರುಗಮಲ್ಲದ ಹಾಸುಬಂಡೆಯ ಮೇಲೆ ಸಣ್ಣ ಸ್ಟೀಲ್ ಡಿಸ್ಕೇ ಗೆಲ್ಲುತ್ತದೆ. ಎತ್ತರದ ಸೈಡ್‌ವಾಲ್ ಕಲ್ಲಿನ ಏಟನ್ನು ತಾನು ನುಂಗುತ್ತದೆ, ಗಾಳಿ ಇಳಿಸಿದಾಗ ಚೆನ್ನಾಗಿ ಹರಡಿಕೊಳ್ಳುತ್ತದೆ. ಸ್ಟೀಲ್ ಡಿಸ್ಕ್ ಸೊಟ್ಟಗಾದರೆ ಬಡಿದು ನೇರ ಮಾಡಬಹುದು, ಅಲಾಯ್ ಸೀಳಿದರೆ ಬದಲಾಯಿಸುವುದೇ ದಾರಿ.

ಅಳತೆಯ ಪಕ್ಕದಲ್ಲಿರುವ ಅಂಕಿ ಹೊರೆಯ ಸೂಚ್ಯಂಕ. 100 ಎಂದರೆ ಒಂದು ಟೈರು 800 ಕೆ.ಜಿ. ಹೊರಬಲ್ಲದು, 112 ಎಂದರೆ 1,120 ಕೆ.ಜಿ. ಅದರ ಮುಂದಿನ ಅಕ್ಷರ ವೇಗದ್ದು: ಕ್ಯೂ ಗಂಟೆಗೆ 160 ಕಿ.ಮೀ., ಎಸ್ 180, ಟಿ 190. ಹೊಸ ಟೈರಿನಲ್ಲಿ ಇವೆರಡೂ ಮೂಲದ್ದಕ್ಕಿಂತ ಕಡಿಮೆಯಿರಕೂಡದು. ಅಳತೆಯ ಮೊದಲು ಎಲ್‌ಟಿ ಎಂದಿದ್ದರೆ ಲಘು ಟ್ರಕ್ಕಿನ ರಚನೆ. ಪದರಗಳು ಗಟ್ಟಿ, ಅದೇ ಹೊರೆಗೆ ಹೆಚ್ಚು ಗಾಳಿ ಬೇಕು. ಮೂಟೆ ಹೊರುವ ಪಿಕಪ್‌ಗೆ ಒಳ್ಳೆಯದು. ಹಗುರವಾದ ಜಿಮ್ನಿಗೆ ಹಾಕಿದರೆ ಪ್ರತಿ ಹಳ್ಳವೂ ಬೆನ್ನಿಗೆ ತಾಗುತ್ತದೆ.

ಮುಳ್ಳು ಮತ್ತು ಸೈಡ್‌ವಾಲ್

ಈ ಸೀಮೆಯಲ್ಲಿ ಟೈರನ್ನು ಕೊಲ್ಲುವುದು ಸವೆತಕ್ಕಿಂತ ಹೆಚ್ಚಾಗಿ ಪಕ್ಕದ ಗಾಯ. ಬಳ್ಳಾರಿ ಜಾಲಿಯ ಮುಳ್ಳು ಒಣಗಿದ ಮೇಲೂ ಮೊಳೆಯಂತೆ ಗಟ್ಟಿ. ಟೈರಿನ ಮೈಗೆ ಚುಚ್ಚಿ ಮೇಲ್ತುದಿ ಮುರಿದುಹೋದರೆ ಹೊರಗೆ ಏನೂ ಕಾಣುವುದಿಲ್ಲ. ದಿನಕ್ಕೆರಡು ಪಿಎಸ್‌ಐನಂತೆ ಗಾಳಿ ಇಳಿಯುತ್ತಿರುತ್ತದೆ. ಅನುಭವವಿರುವ ಪಂಕ್ಚರ್ ಅಂಗಡಿಯವರು ಟೈರನ್ನು ಡಿಸ್ಕಿನಿಂದ ಬಿಚ್ಚಿ, ಒಳಮೈ ಮೇಲೆ ಬಟ್ಟೆ ಸವರುತ್ತ ಹೋಗುತ್ತಾರೆ. ಮುಳ್ಳಿನ ತುದಿ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅದನ್ನು ಇಕ್ಕಳದಿಂದ ಕಿತ್ತು, ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿದರೆ ಕೆಲಸ ಪಕ್ಕಾ. ಹೊರಗಿನಿಂದ ಸ್ಟ್ರಿಪ್ ತುರುಕುವುದು ಊರು ಸೇರುವವರೆಗಿನ ಉಪಾಯ.

ಇದೆಲ್ಲ ಮೈಭಾಗಕ್ಕೆ ಮಾತ್ರ. ಸೈಡ್‌ವಾಲ್ ಹರಿದರೆ ನಂಬಿಕೆಯ ರಿಪೇರಿ ಇಲ್ಲ, ಏಕೆಂದರೆ ಆ ಭಾಗ ಪ್ರತಿ ಸುತ್ತಿಗೂ ಬಾಗುತ್ತದೆ, ಪ್ಯಾಚ್ ನಿಲ್ಲುವುದಿಲ್ಲ. ಆದ್ದರಿಂದ ಎ/ಟಿಗಳ ನಡುವೆ ಆರಿಸುವಾಗ ಮೈಮೇಲಿನ ಕಟ್ಟೆಗಳ ಅಬ್ಬರಕ್ಕೆ ಮಾರುಹೋಗುವ ಬದಲು ಸೈಡ್‌ವಾಲ್‌ನಲ್ಲಿ ಎಷ್ಟು ಪದರಗಳಿವೆ, ಭುಜದ ರಬ್ಬರು ಎಷ್ಟು ಕೆಳಗಿನವರೆಗೆ ಇಳಿದಿದೆ ಎಂದು ಕೇಳುವುದು ಲೇಸು. ಪದರಗಳ ವಿವರ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಗಾಳಿ

ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತಂದ ಎ/ಟಿಗೆ ಪೂರ್ತಿ ಗಾಳಿಯಿಟ್ಟು ಮರಳಿಗಿಳಿದವನಿಗಿಂತ, ಮಾಮೂಲಿ ಎಚ್/ಟಿಯ ಗಾಳಿ ಇಳಿಸಿಕೊಂಡವನು ಮುಂದೆ ಹೋಗುತ್ತಾನೆ. ಉತ್ತರ ಪಿನಾಕಿನಿಯಂಥ ಒಣ ಪಾತ್ರದ ಮರಳಿನಲ್ಲಿ 30 ಪಿಎಸ್‌ಐ ಆಸುಪಾಸಿನ ಗಾಳಿಯನ್ನು 18ಕ್ಕೆ ಇಳಿಸಿದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿ, ತೂಕ ಹಂಚಿಹೋಗಿ, ಹೂಳುವುದು ತಪ್ಪುತ್ತದೆ. ಬಂಡೆ, ಜಲ್ಲಿಯ ಮೇಲೆ ಅಷ್ಟು ಇಳಿಸುವುದು ಬೇಡ; 22–25 ಸಾಕು. ತೀರಾ ಕಡಿಮೆಯಾದರೆ ಉಬ್ಬಿದ ಸೈಡ್‌ವಾಲ್ ಕಲ್ಲಿಗೆ ಸಿಕ್ಕಿ ಸೀಳುತ್ತದೆ. ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಿಸಲೇಬೇಕು. ಇಳಿಸಿದ ಗಾಳಿಯಲ್ಲಿ ಏಪ್ರಿಲ್ ಬಿಸಿಲಿಗೆ ಹೆದ್ದಾರಿಯಲ್ಲಿ ಓಡಿಸಿದರೆ ಒಳಪದರಗಳು ಕಾದು ಬಿಟ್ಟುಕೊಂಡು ಟೈರು ಸಿಡಿಯಬಹುದು. ಆದಕಾರಣ ಎ/ಟಿಗಿಂತ ಮೊದಲು ಕೊಳ್ಳಬೇಕಾದದ್ದು ಒಂದು ಗೇಜು ಮತ್ತು ಬ್ಯಾಟರಿಯಿಂದ ಓಡುವ ಕಂಪ್ರೆಸರ್.

ಮಲೆನಾಡಿನೊಂದಿಗೆ ಹೋಲಿಕೆ

ಕೊಡಚಾದ್ರಿ, ಮಾಂದಲಪಟ್ಟಿಗಳಲ್ಲಿ ಪ್ರವಾಸಿಗರನ್ನು ಹತ್ತಿಸುವ ಜೀಪುಗಳ ಟೈರು ನೋಡಿ ಬಂದವರು ಇಲ್ಲಿಗೂ ಅಂಥದೇ ಬೇಕೆನ್ನುತ್ತಾರೆ. ಅಲ್ಲಿ ತಿಂಗಳುಗಟ್ಟಲೆ ಸುರಿಯುವ ಮಳೆಗೆ ಜಂಬಿಟ್ಟಿಗೆ ಮಣ್ಣು ಕರಗಿ ಅಂಟು ಕೆಸರಾಗುತ್ತದೆ. ತೋಡು ತುಂಬಿಕೊಂಡರೆ ಟೈರು ಬೋಳಾದಂತೆಯೇ. ತಿರುಗುವಾಗ ಕೆಸರನ್ನು ಎಸೆದುಬಿಡುವ ದೂರದೂರದ ಕಟ್ಟೆಗಳು ಅಲ್ಲಿ ಬೇಕು. ಚಿಂತಾಮಣಿಯ ಗಟ್ಟಿ ನೆಲದಲ್ಲಿ ಅದೇ ಎಂ/ಟಿ ಗರಸಿಗೆ ಉಜ್ಜಿ ಬೇಗ ಸವೆಯುತ್ತದೆ, ಕಟ್ಟೆಗಳ ಅಂಚು ಚಕ್ಕೆಯೇಳುತ್ತದೆ, ಹೆದ್ದಾರಿಯಲ್ಲಿ ಕಿವಿಗೆ ಹಿಂಸೆ. ಕೆರೆ ಗೋಡಿನಲ್ಲಿ ಮಾತ್ರ ಅದರದೇ ಮೇಲುಗೈ. ಆದರೆ ಕೆರೆಯಂಗಳಕ್ಕೆ ವಾಹನ ಇಳಿಸುವುದೇ ಒಳ್ಳೆಯ ಅಭ್ಯಾಸವಲ್ಲ.

ಕಾನೂನು ಮತ್ತು ಕೊಳ್ಳುವಿಕೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಮೂಲ ಅಳತೆಯಲ್ಲೇ ಎಚ್/ಟಿ ಬದಲು ಎ/ಟಿ ಹಾಕಿದರೆ ತಕರಾರು ಬರುವ ಸಂಭವ ಕಡಿಮೆ. ಬಾಡಿಯಿಂದ ಹೊರಚಾಚುವ ಅಗಲದ ಟೈರು ಆರ್‌ಟಿಒ ತಪಾಸಣೆಯಲ್ಲೂ ವಿಮೆಯ ಕ್ಲೇಮಿನಲ್ಲೂ ತೊಡಕು ತರಬಹುದು. ಮೀಸಲು ಅರಣ್ಯದೊಳಗೆ ಹೋಗಲು ಯಾವ ಟೈರಿದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಟೈರಿನ ಮೇಲೆ ಐಎಸ್‌ಐ ಗುರುತು ಕಡ್ಡಾಯ. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ: 2324 ಎಂದರೆ 2024ರ 23ನೇ ವಾರ. ಹೆಚ್ಚು ಓಡದ ಎ/ಟಿ ಅಳತೆಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುವುದುಂಟು, ರಿಯಾಯಿತಿ ಜಾಸ್ತಿಯಿದ್ದಷ್ಟೂ ಈ ಅಂಕಿಯನ್ನು ಗಮನವಿಟ್ಟು ಓದಬೇಕು. 2025ರ ಸೆಪ್ಟೆಂಬರ್ 22ರಿಂದ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ.

ಫೋರ್‌ವೀಲ್‌ಗೆ ಎರಡೇ ಎ/ಟಿ ಹಾಕಿಸಿ ಹಣ ಉಳಿಸುವುದು ಕೆಲವರ ರೂಢಿ. ಥಾರ್, ಜಿಮ್ನಿಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ವ್ಯಾಸದಲ್ಲಿ ಸ್ವಲ್ಪ ಅಂತರವಿದ್ದರೂ ಆ ಎಳೆದಾಟವೆಲ್ಲ ಎರಡೂ ಶಾಫ್ಟಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಆದ್ದರಿಂದ ನಾಲ್ಕನ್ನೂ ಒಟ್ಟಿಗೇ ಬದಲಾಯಿಸಬೇಕು, ಸ್ಟೆಪ್ನಿ ಅದೇ ಅಳತೆಯದಿರಬೇಕು. ಐದನ್ನೂ 8,000–10,000 ಕಿ.ಮೀ.ಗೊಮ್ಮೆ ಸ್ಥಳ ಬದಲಿಸುತ್ತ ಬಂದರೆ ಸಮನಾಗಿ ಸವೆಯುತ್ತವೆ. ತೋಡಿನ ನಡುವಿನ ಸೂಚಕಪಟ್ಟಿ 1.6 ಮಿ.ಮೀ. ಎತ್ತರದ್ದು, ಕಟ್ಟೆ ಸವೆದು ಅದರ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿದಂತೆ. ಎ/ಟಿಯ ಕಚ್ಚಾ ದಾರಿಯ ಹಿಡಿತ ಅದಕ್ಕಿಂತ ಬಹಳ ಮುಂಚೆ, ಅರ್ಧ ಸವೆಯುವಷ್ಟರಲ್ಲೇ ಕುಗ್ಗಿರುತ್ತದೆ. ಅಂಥ ಟೈರನ್ನು ಮಳೆಗಾಲಕ್ಕೆ ಮುಂಚೆ ತೆಗೆಸುವುದು ವಾಡಿಕೆ.